ಹುಣಸಗಿ ಅತ್ತೆಯ ಹೆಸರು

ನಮ್ಮ ಕಡೆಯ ಊರುಗಳ ಹಳೆಯ ಸುದ್ದಿಯನ್ನು ಅಂತರ್ಜಾಲದಲ್ಲಿ ಹುಡುಕುವವರು ಮೊದಲು ಕಲಿಯಬೇಕಾದದ್ದು ತಪ್ಪು ಕಾಗುಣಿತವನ್ನು. ಸುರಪುರ ಎಂದು ಸರಿಯಾಗಿ ಬರೆದರೆ ಸಿಗುವುದು ಸ್ವಲ್ಪ. ಶೋರಾಪುರ ಎಂದರೆ ಇನ್ನಷ್ಟು. ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿದ್ದಂತೆ ಕೊನೆಗೆ ಎರಡು 'ಓ' ಸೇರಿಸಿ ಶೋರಾಪೂರ್ ಎಂದು ಬರೆದರೆ ಅಲ್ಲಿಯವರೆಗೆ ಕಾಣದ ಪುಟಗಳು ತೆರೆದುಕೊಳ್ಳುತ್ತವೆ. ಶಹಾಪುರವನ್ನು ಶಾಪುರ್ ಎಂದೂ ಯಾದಗಿರಿಯನ್ನು ಯಾದಗೀರ್ ಎಂದೂ ಹುಡುಕಿ ನೋಡಬೇಕು.

ಎರಡನೆಯ ಪಾಠ, ಇವತ್ತಿನ ನಕಾಶೆಯನ್ನು ಮರೆಯುವುದು. ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಅದಕ್ಕೂ ಮುಂಚೆ ಈ ಮೂರೂ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯವು. ಇನ್ನೂ ಹಿಂದೆ ಹೋದರೆ, ನಿಜಾಮರ ಸರ್ಕಾರ 1905ರಲ್ಲಿ ಜಿಲ್ಲೆಗಳ ಗಡಿಗಳನ್ನು ಬದಲಿಸುವವರೆಗೆ ಶಹಾಪುರ ಮತ್ತು ಸುರಪುರ ಲಿಂಗಸುಗೂರು ಜಿಲ್ಲೆಯಲ್ಲಿದ್ದವು. ಹುಣಸಗಿ ಈಗ ತಾಲ್ಲೂಕು, ಮೊನ್ನೆ ಮೊನ್ನೆಯವರೆಗೆ ಸುರಪುರ ತಾಲ್ಲೂಕಿನ ಒಂದು ಊರು. ನಾವು ಕೂತಲ್ಲೇ ಕೂತಿದ್ದೇವೆ, ನಮ್ಮ ಮೇಲಿನ ಹೆಸರುಗಳು ಮಾತ್ರ ಬದಲಾಗುತ್ತ ಬಂದಿವೆ. ಯಾವ ವರ್ಷದ ಕಾಗದ ಎಂದು ತಿಳಿಯದೆ ಅದನ್ನು ಯಾವ ಜಿಲ್ಲೆಯಲ್ಲಿ ಹುಡುಕಬೇಕು ಎಂದು ಗೊತ್ತಾಗುವುದಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಹವ್ಯಾಸಕ್ಕಲ್ಲ. ನಮ್ಮ ಮುತ್ಯಾ ತೀರಿಕೊಂಡು ಮೂವತ್ತು ವರ್ಷವಾದರೂ ಸುರಪುರ ಸೀಮೆಯ ನಮ್ಮ ಹೊಲದ ಪಹಣಿ ಇನ್ನೂ ಅವನ ಹೆಸರಿನಲ್ಲೇ ಇತ್ತು. ಬೆಳೆ ವಿಮೆಗೂ ಸಾಲಕ್ಕೂ ತೊಂದರೆಯಾಗಿ, ಪೌತಿ ಖಾತೆ ಮಾಡಿಸಿಯೇ ಬಿಡೋಣ ಎಂದು ಮನೆಯವರು ನಿರ್ಧರಿಸಿದರು. ಅದಕ್ಕೆ ವಂಶವೃಕ್ಷ ಬೇಕು. ಕಾಕಾ ಒಂದು ಹಾಳೆಯ ಮೇಲೆ ಬರೆದುಕೊಂಡು ಬಂದು ನನ್ನ ಮುಂದೆ ಇಟ್ಟರು. "ನೀ ಕಾಲೇಜಿನಾಗ ಪಾಠ ಹೇಳಾಕಿ, ನಿನಗ ಕಂಪ್ಯೂಟರ್ ಬರ್ತದ. ಇದನ್ನ ಚೊಲೊ ಮಾಡಿ ಟೈಪ್ ಮಾಡಿಕೊಡವ್ವ" ಎಂದರು. ಮೇಲೆ ಮುತ್ಯಾ, ಅವನ ಕೆಳಗೆ ನಾಲ್ಕು ಗಂಡುಮಕ್ಕಳು, ಅವರ ಕೆಳಗೆ ಅವರ ಗಂಡುಮಕ್ಕಳು. ಗೆರೆಗಳನ್ನು ಸ್ಕೇಲ್ ಇಟ್ಟು ಎಳೆದಿದ್ದರು.

"ಅತ್ತಿಗೋಳ ಹೆಸರು ಎಲ್ಲವ ಕಾಕಾ?"

"ಅವರು ಕೊಟ್ಟ ಮನಿಗಿ ಹೋದವರು. ಅವರ ಹೆಸರು ಇದರಾಗ ಯಾಕ?"

ಕಾಕಾ ಕೆಟ್ಟವರಲ್ಲ. ಹಬ್ಬಕ್ಕೆ ಅಕ್ಕತಂಗಿಯರಿಗೆ ಸೀರೆ ಕಳಿಸುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರು ಕಂಡ ವಂಶವೃಕ್ಷಗಳೆಲ್ಲ ಹಾಗೇ ಇದ್ದವು, ಅಷ್ಟೆ. ಆದರೆ ಕಾನೂನು ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನೂ ವಾರಸುದಾರಳೆಂದು ಎಣಿಸಿದೆ. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನಷ್ಟೇ ಹಕ್ಕೆಂದು ತಿದ್ದುಪಡಿ ಮಾಡಿದವು. ಟೈಪ್ ಮಾಡುವುದಾದರೆ ಎಲ್ಲರ ಹೆಸರನ್ನೂ ಮಾಡುತ್ತೇನೆ ಎಂದೆ. ಮೂವರು ಅತ್ತೆಯರಲ್ಲಿ ಇಬ್ಬರು ನಮ್ಮ ನಡುವೆಯೇ ಇದ್ದಾರೆ. ಮೊದಲನೆಯವಳನ್ನು ನಾವು ಹುಣಸಗಿ ಅತ್ತಿ ಎಂದೇ ಕೇಳಿ ಬೆಳೆದವರು. ಎಳವೆಯಲ್ಲೇ ಹುಣಸಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆಮೇಲೆ ಎರಡು ಮನೆಗಳ ನಡುವೆ ಏನೋ ಮಾತು ಬಂದು ಹೋಗಿಬರುವುದು ನಿಂತಿತ್ತು. ಅವಳ ತವರಿನ ಹೆಸರು ತಂಗಿಯರಿಗೆ ನೆನಪಿತ್ತು. ಆದರೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ನಮ್ಮಲ್ಲಿದೆ. ಗಂಡನ ಮನೆಯ ಕಾಗದಗಳಲ್ಲಿ ಅವಳು ಯಾರಾಗಿದ್ದಳು, ಇದ್ದಾಳೋ ಇಲ್ಲವೋ, ಮಕ್ಕಳೆಲ್ಲಿ, ಇದು ಯಾರಿಗೂ ಗೊತ್ತಿರಲಿಲ್ಲ.

ಹೀಗೆ ಹುಡುಕಾಟ ಶುರುವಾಯಿತು. ಎಲ್ಲರಂತೆ ನಾನೂ ದೊಡ್ಡ ಜಾಲತಾಣಗಳಿಂದಲೇ ಆರಂಭಿಸಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಟೇಲರ್‌ನ ಆತ್ಮಕಥೆ ಪುಕ್ಕಟೆಯಾಗಿ ಸಿಗುತ್ತದೆ. ಅವನು ತೀರಿದ ಮರುವರ್ಷ, 1877ರಲ್ಲಿ, ಅವನ ಮಗಳು ಅಚ್ಚು ಹಾಕಿಸಿದ ಪುಸ್ತಕ. 1840ರ ದಶಕದಿಂದ 1853ರವರೆಗೆ ಅವನು ಸುರಪುರದ ಆಡಳಿತ ನೋಡಿಕೊಂಡವನು. ತನ್ನನ್ನು 'ಅಪ್ಪ' ಎಂದು ಕರೆಯುತ್ತಿದ್ದ ಬಾಲಕ ರಾಜ ವೆಂಕಟಪ್ಪ ನಾಯಕ ಮುಂದೆ ಬಂಡೆದ್ದು ಸೆರೆಯಾಗಿ 1858ರಲ್ಲಿ ತೀರಿಕೊಂಡದ್ದನ್ನೂ ಬರೆದಿದ್ದಾನೆ. ಬೋನಾಳ ಕೆರೆಯನ್ನು ಓದುವಾಗ ನಮ್ಮೂರಿನ ಗಾಳಿ ಬೀಸಿದ ಹಾಗಾಗುತ್ತದೆ. ಆದರೆ ಅಲ್ಲಿ ಹೆಸರಿರುವುದು ಅರಮನೆಯವರಿಗೆ, ಕಾರಭಾರಿಗಳಿಗೆ. ಕೆರೆಗೆ ಮಣ್ಣು ಹೊತ್ತವರು, ಗುಡ್ಡ ಕಾಯ್ದವರು ಬಹುವಚನದಲ್ಲಿ ಬಂದು ಹೋಗುತ್ತಾರೆ.

ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಇಂಪೀರಿಯಲ್ ಗೆಜೆಟಿಯರ್ ಇದೆ. ಊರು, ಮಣ್ಣು, ಮಳೆ, ಬೆಳೆ, ಜಹಗೀರುಗಳ ಲೆಕ್ಕ ಅಲ್ಲಿ ಸಿಗುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ ಪಟಲ'ದಲ್ಲಿ ಶೋರಾಪುರ ಎಂದು ಹುಡುಕಿದರೆ ಸಂಸ್ಥಾನದ ಕಾಲದ ಕಡತಗಳ ಹೆಸರು ಬರುತ್ತವೆ. ಹೈದರಾಬಾದ್ ರಾಜ್ಯದಲ್ಲಿ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಆ ವರದಿಗಳೂ ಸಿಗುತ್ತವೆ, ಆದರೆ ಅವು ಎಣಿಕೆಯ ಪುಸ್ತಕಗಳು. ಎಷ್ಟು ಜನ ಎಂದು ಹೇಳುತ್ತವೆಯೇ ಹೊರತು ಯಾರು ಎಂದು ಹೇಳುವುದಿಲ್ಲ. ಇದೇ ಹೊತ್ತಿಗೆ, ಬ್ರಿಟಿಷ್ ಇಂಡಿಯಾದಲ್ಲಿದ್ದ ಇಂಗ್ಲಿಷ್ ಕುಟುಂಬಗಳಿಗಾಗಿಯೇ ಇರುವ 'ಫಿಬಿಸ್' ಎಂಬ ಸಂಘದ ದತ್ತಾಂಶವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಜ್ಞಾನಸ್ನಾನ, ಮದುವೆ, ಸಮಾಧಿ, ಎಲ್ಲವೂ ಹೆಸರು ಸಹಿತ. ಇಲ್ಲಿಗೆ ಬಂದು ಸತ್ತ ಸಿಪಾಯಿಯೊಬ್ಬನನ್ನು ಅವನ ಮರಿಮೊಮ್ಮಗ ಲಂಡನ್ನಿನಲ್ಲಿ ಕೂತು ಹುಡುಕಬಲ್ಲ. ನನಗೆ ಅರವತ್ತು ಕಿಲೋಮೀಟರ್ ಆಚೆ ಮದುವೆಯಾಗಿ ಹೋದ ಸೋದರತ್ತೆ ಸಿಗುತ್ತಿಲ್ಲ.

ನಮ್ಮಂಥವರ ಹೆಸರು ಬೇರೆ ಕಾಗದಗಳಲ್ಲಿರುತ್ತದೆ ಎಂದು ನಿಧಾನವಾಗಿ ಅರ್ಥವಾಯಿತು. ಯಾರೂ ನಮ್ಮ ಚರಿತ್ರೆ ಬರೆಯಲೆಂದು ನಮ್ಮ ಹೆಸರು ಬರೆದುಕೊಂಡಿಲ್ಲ. ಕಂದಾಯಕ್ಕೆಂದು ಬರೆದರು, ಸಾಲಕ್ಕೆಂದು ಬರೆದರು, ಓಟಿಗೆಂದು ಬರೆದರು. ಹುಡುಕಬೇಕಾದದ್ದು ಅಲ್ಲಿ.

ಪಹಣಿ ಈಗ 'ಭೂಮಿ' ತಾಣದಲ್ಲಿ ಯಾರ ಕೈಗಾದರೂ ಸಿಗುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಮ್ಯುಟೇಷನ್ ವಿವರವನ್ನೂ ನೋಡಬಹುದು, ಯಾರಿಂದ ಯಾರಿಗೆ ಯಾವ ಕಾರಣಕ್ಕೆ ಹೊಲ ಹೋಯಿತು ಎಂಬ ಸಾಲಿನಲ್ಲಿ ಅಪ್ಪ-ಮಗ, ಅಣ್ಣ-ತಮ್ಮ ಸಂಬಂಧಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕೆಲಸವೂ ನಡೆದಿದೆ. ಹೈದರಾಬಾದ್ ಸೀಮೆಯವರು ಕೇಳಬೇಕಾದ ಮುಖ್ಯ ಕಾಗದ ಖಾಸ್ರಾ ಪಹಣಿ, 1954–55ರದ್ದು. ಪೊಲೀಸ್ ಕಾರ್ಯಾಚರಣೆ ಮುಗಿದು, ನಾವಿನ್ನೂ ಮೈಸೂರು ರಾಜ್ಯಕ್ಕೆ ಸೇರುವ ಮುಂಚೆ, ಯಾವ ಹೊಲ ಯಾರದು, ಯಾರು ಉಳುತ್ತಿದ್ದಾರೆ ಎಂದು ಬರೆದ ದಾಖಲೆ ಅದು. ನಮ್ಮದನ್ನು ತಮ್ಮ ಅರ್ಜಿ ಹಾಕಿ ತರಿಸಿದ. ಅದು ಉರ್ದುವಿನಲ್ಲಿತ್ತು.

ಉರ್ದು ಎಂದೊಡನೆ ನಮ್ಮ ಪೀಳಿಗೆಯವರು ಕೈಚೆಲ್ಲುತ್ತೇವೆ. ನಿಜಾಮರ ಆಡಳಿತ ಭಾಷೆ ಮೊದಲು ಪಾರ್ಸಿ, 1884ರ ನಂತರ ಉರ್ದು. ಕನ್ನಡದಲ್ಲಿ ವಚನ ಹಾಡುತ್ತಿದ್ದ ನಮ್ಮ ಮುತ್ಯಾ ಉರ್ದುವಿನಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಟ್ರಂಕಿನಲ್ಲಿ ಮೊಹರಿದ್ದ ಒಂದು ದಪ್ಪ ಕಾಗದವೂ ಇತ್ತು. ಉರ್ದು ಅಂಕಿ ಮಾತ್ರ ಬಲ್ಲ ಯಾರೋ ಅದರ ಮೇಲಿನ ಇಸವಿ 1341 ಎಂದು ಓದಿ ಹೇಳಿದ್ದರಿಂದ, ನಮ್ಮ ಹೊಲ ಏಳುನೂರು ವರ್ಷದಿಂದ ನಮ್ಮದೇ ಎಂಬ ಹೆಮ್ಮೆ ಮನೆಯಲ್ಲಿ ಹಬ್ಬಿತ್ತು. ಆ ಲೆಕ್ಕದಲ್ಲಿ ನಾವು ಬಹಮನಿ ಸುಲ್ತಾನರಿಗಿಂತ ಮುಂಚಿನವರು. ಅದು ಫಸಲಿ ವರ್ಷ. ಹೈದರಾಬಾದಿನ ಫಸಲಿಗೆ ತಿಂಗಳು ನೋಡಿ 590 ಇಲ್ಲವೆ 591 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. 1341 ಎಂದರೆ 1931–32. ತಿಂಗಳುಗಳ ಹೆಸರು ಆಜರ್, ದೈ, ಬಹಮನ್ ಎಂದು ಇರಾನಿ ಕ್ರಮದಲ್ಲಿರುತ್ತವೆ, ಕಂಡು ಗಾಬರಿಯಾಗಬೇಕಿಲ್ಲ.

ಅಚ್ಚಾದ ಉರ್ದುವನ್ನು ಫೋನಿನ ಕ್ಯಾಮೆರಾ ಈಗ ತಕ್ಕಮಟ್ಟಿಗೆ ಓದಿ ಅನುವಾದಿಸುತ್ತದೆ. ತಿಳಿಯದ ಪದಕ್ಕೆ 'ರೇಖ್ತಾ'ದ ನಿಘಂಟು ಇದೆ. ಆದರೆ ಪಟವಾರಿಗಳ, ಕಾರಕೂನರ ಕೈಬರಹ ಶಿಕಸ್ತ. ಚುಕ್ಕೆಗಳನ್ನು ಬಿಟ್ಟು, ಅಕ್ಷರಗಳನ್ನು ಒಂದಕ್ಕೊಂದು ಹೆಣೆದು ಓಡಿಸುವ ಬರಹ. ಅದರ ಮುಂದೆ ಫೋನು ಸೋಲುತ್ತದೆ. ಹೀಗಾಗಿ ಎರಡೂ ಕಾಗದಗಳ ಫೋಟೋ ತೆಗೆದು ಶಹಾಪುರದಲ್ಲಿರುವ, ಪರಿಚಯದ ನಿವೃತ್ತ ಉರ್ದು ಮಾಸ್ತರರಿಗೆ ವಾಟ್ಸಾಪ್ ಮಾಡಿದೆ. ಮರುದಿನ ಅವರ ದನಿ ಬಂತು. "ಬೇಟಿ, ಟ್ರಂಕಿನಾಗಿನದು ಬೈನಾಮಾ ಅದ, ಖರೀದಿ ಪತ್ರ. ಖರೀದಿ ಮಾಡಿದವರು ಗಂಡಸರಲ್ಲ ನೋಡು. ಹೆಸರಿನ ಮುಂದ ಬೇವಾ ಅಂತ ಬರದದ. ಖಾಸ್ರಾದಾಗೂ ಅದೇ ಹೆಣ್ಮಗಳ ಹೆಸರು."

ಹಳೆಯ ಉರ್ದು ಕಾಗದದಲ್ಲಿ ವಲ್ದ್ ಎಂದರೆ ಮಗ, ಬಿಂತ್ ಎಂದರೆ ಮಗಳು, ಜೌಜಾ ಎಂದರೆ ಹೆಂಡತಿ, ಬೇವಾ ಎಂದರೆ ವಿಧವೆ. ಈ ನಾಲ್ಕು ಪದ ಗುರುತಿಸಲು ಬಂದರೆ ಅರ್ಧ ಕುಟುಂಬ ಕಣ್ಣಿಗೆ ಬೀಳುತ್ತದೆ. ಬೇವಾ ಎಂದು ಬರೆಸಿಕೊಂಡವಳು ನಮ್ಮ ಮುತ್ಯಾನ ಅವ್ವ. ಹೊಲವನ್ನು ಮುತ್ಯಾನ ಅಪ್ಪ ಗಳಿಸಿದ್ದು ಎಂದು ನಾವು ಹೇಳಿಕೊಂಡು ಬಂದಿದ್ದೆವು. ಅವನು ಸತ್ತ ಮೇಲೆ ಅವಳು ಕೊಂಡದ್ದು ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೂ ಅದು ಅವಳ ಹೆಸರಿನಲ್ಲೇ ಇತ್ತು. ಕೂಸನ್ನು ಕಟ್ಟಿಕೊಂಡ ವಿಧವೆಯೊಬ್ಬಳು ಆ ಕಾಲದಲ್ಲಿ ದುಡ್ಡನ್ನು ಎಲ್ಲಿಂದ ಹೊಂದಿಸಿದಳು ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ.

ಕಾಗದಕ್ಕಿಂತ ಹಳೆಯ ಜಾಲವೊಂದು ನಮ್ಮಲ್ಲಿದೆ, ಹೆಳವರದು. ಹಿಂದೆ ಎತ್ತಿನ ಮೇಲೆ, ಈಗ ಮೋಟಾರ್‌ ಸೈಕಲ್ಲಿನ ಮೇಲೆ ಬಂದು, ಮನೆಯ ಮುಂದೆ ಕೂತು, ನಮ್ಮ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹಾಡಿದಂತೆ ಹೇಳಿ, ಜೋಳ, ಬಟ್ಟೆ, ದುಡ್ಡು ಪಡೆದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವವರು. ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದಿರಿ ಎಂಬುದನ್ನೂ ಹೇಳುತ್ತಾರೆ. ಅಡ್ಡಹೆಸರಿನಲ್ಲೂ ಈ ಸುಳಿವು ಇರುತ್ತದೆ. ಕೆಂಭಾವಿಯಲ್ಲೇ ಇರುವವರನ್ನು ಯಾರೂ ಕೆಂಭಾವಿಯವರು ಎಂದು ಗುರುತಿಸುವುದಿಲ್ಲ. ಊರು ಬಿಟ್ಟವರಿಗೇ ಊರಿನ ಹೆಸರು ಅಂಟುವುದು. ನಮ್ಮ ಮನೆಯ ಹೆಳವರ ಫೋನ್ ನಂಬರ್ ಸಿಕ್ಕಿತು. ಅವರು ಏಳು ತಲೆಮಾರಿನ ಗಂಡಸರ ಹೆಸರನ್ನು ಫೋನಿನಲ್ಲೇ ಹೇಳಿದರು. ಹುಣಸಗಿಗೆ ಕೊಟ್ಟ ಮಗಳ ಗಂಡನ ಹೆಸರು, ಮಾವನ ಹೆಸರು, ಹಳ್ಳಿಯ ಹೆಸರು ಅವರ ಪುಸ್ತಕದಲ್ಲಿತ್ತು. ಅವಳದು ಇರಲಿಲ್ಲ.

ಆದರೆ ಅಷ್ಟು ಸಾಕಾಯಿತು. ಮತದಾರರ ಹಳೆಯ ಪಟ್ಟಿ, 2002ರದ್ದು, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿದೆ. ಕುಟುಂಬದ ಚರಿತ್ರೆ ಹುಡುಕುವವರಿಗೆ ಇದರಷ್ಟು ಉಪಯೋಗದ್ದು ನಮ್ಮಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಹೊಲ ಇಲ್ಲದವರ ಹೆಸರೂ ಅದರಲ್ಲಿದೆ, ಹೆಂಗಸರದೂ ಇದೆ. ಮನೆ ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ಯಾದಗಿರಿ ಜಿಲ್ಲೆ ಇನ್ನೂ ಹುಟ್ಟಿರದಿದ್ದ ಕಾಲದ ಪಟ್ಟಿ, ಆದ್ದರಿಂದ ಗುಲ್ಬರ್ಗಾ ಜಿಲ್ಲೆ, ಶೋರಾಪುರ ಕ್ಷೇತ್ರ ಎಂದೇ ಹುಡುಕಬೇಕು. ಹೆಸರು ಟೈಪ್ ಮಾಡಿ ಹಿಡಿಯುವ ಸುಖವನ್ನು ಬಿಟ್ಟು, ಹಳ್ಳಿಯ ಭಾಗ ತೆಗೆದು, ಪುಟ ಪುಟವನ್ನೂ ಕಣ್ಣಿನಿಂದಲೇ ಓದಬೇಕು. ವಯಸ್ಸನ್ನು ಪೂರ್ತಿ ನಂಬಬಾರದು. ಶಾಲೆಯ ಮಾಸ್ತರರು ಜೂನ್ 1ಕ್ಕೆ ಹುಟ್ಟಿಸಿದ ನಮ್ಮಲ್ಲಿ ಐದಾರು ವರ್ಷ ಆಚೀಚೆ ಇದ್ದೇ ಇರುತ್ತದೆ.

ಆ ಹಳ್ಳಿಯಲ್ಲಿ ಮಾವನ ಹೆಸರಿನ ಗಂಡಸರು ಒಬ್ಬರಲ್ಲ, ಏಳು ಮಂದಿ. ನಮ್ಮ ಕಡೆ ಭೀಮರಾಯ, ಮಲ್ಲಪ್ಪ, ಶರಣಪ್ಪ ಎಂದು ಕೂಗಿದರೆ ಅರ್ಧ ಓಣಿ ತಿರುಗಿ ನೋಡುತ್ತದೆ. ಆಗ ನೆರವಿಗೆ ಬಂದದ್ದು ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ. ಒಂದು ತಲೆಮಾರು ಬಿಟ್ಟು ಒಂದಕ್ಕೆ ಅದೇ ಹೆಸರು ಮರಳುತ್ತದೆ. ಹೆಳವರು ಹೇಳಿದ ಬೀಗರ ಹೆಸರು, ಅಂದರೆ ಮಾವನ ಅಪ್ಪನ ಹೆಸರು, ಆ ಏಳು ಮನೆಗಳಲ್ಲಿ ಒಂದು ಮನೆಯ ಹಿರಿಮಗನಿಗೆ ಮಾತ್ರ ಇತ್ತು. ಅದೇ ಮನೆ ನಂಬರಿನಲ್ಲಿ ಮದುವೆಯಾಗದ ಒಬ್ಬಳು ಮಗಳು, ಇಪ್ಪತ್ತು ವರ್ಷದವಳು. ಅವಳ ಹೆಸರು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಬೈನಾಮಾದಲ್ಲಿ ಮಾಸ್ತರರು ಓದಿ ಹೇಳಿದ ಹೆಸರೇ ಅದು, ಹೊಲ ಕೊಂಡ ವಿಧವೆಯದು. ತವರಿಗೆ ಬರುವುದು ನಿಂತಿದ್ದರೂ ನಮ್ಮತ್ತೆ ತನ್ನ ಅಪ್ಪನ ಅವ್ವನ ಹೆಸರನ್ನು ಮಗಳಿಗೆ ಇಟ್ಟಿದ್ದಳು. ಅವರ ಮೇಲಿನ ಸಾಲಿನಲ್ಲಿ, ಐವತ್ತೆರಡು ವರ್ಷ ಎಂಬ ಅಂಕಿಯ ಪಕ್ಕ, ಅತ್ತೆಯ ಗಂಡನ ಮನೆಯ ಹೆಸರಿತ್ತು.

ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವಳ ಮಕ್ಕಳು ಬದುಕಿದ್ದಾರೆ. ಇದೂ ಈ ಕೆಲಸದ ಒಂದು ನಿಯಮ. 'ಫ್ಯಾಮಿಲಿ ಸರ್ಚ್'ನಂಥ ತಾಣಗಳು ಬದುಕಿರುವವರ ವಿವರವನ್ನು ಮುಚ್ಚಿಡುತ್ತವೆ. ನಾವು ಫೇಸ್‌ಬುಕ್ಕಿನಲ್ಲಿ ಹಾಕುವ ಚಿತ್ರಗಳಿಗೆ ಆ ಕಾವಲಿಲ್ಲ. ತಂದೆಯ ಹೆಸರು ಎಂಬ ಕಾಲಮ್ಮೇ ಗಾಯವಾಗಿರುವ ಮನೆಗಳು ನಮ್ಮ ಸುತ್ತ ಇವೆ. ಜೀತಕ್ಕಿದ್ದವರ ಹೆಸರು ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ತೋರಿಸುವ ಹಕ್ಕು ಹುಡುಕಿದವರಿಗೆ ತಾನಾಗಿ ಬರುವುದಿಲ್ಲ.

ಹಳ್ಳಿಯ ಒಬ್ಬರಿಂದ ನಂಬರ್ ಪಡೆದು ಅತ್ತೆಯ ಮಗಳಿಗೆ ಫೋನ್ ಮಾಡಿದೆ. ಅವಳು ಗುಳೆ ಹೋಗಿ ಈಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾಳೆ. ಅತ್ತೆ ಪಟ್ಟಿ ಅಚ್ಚಾದ ನಾಲ್ಕು ವರ್ಷಕ್ಕೆ ತೀರಿಕೊಂಡಿದ್ದಳು. "ತವರಿಗಿ ಒಮ್ಮಿ ಹೋಗಿ ಬರ್ತೀನಿ ಅಂತ ಭಾಳ ಸರ್ತಿ ಅಂತಿದ್ದಳು ಅಕ್ಕಾ" ಎಂದಳು. ನಾನು ಏನೂ ಹೇಳಲಾಗಲಿಲ್ಲ. ಅವಳೇ ಮಾತು ಬದಲಿಸಿ, ನಮ್ಮ ಬೇವಿನ ಗಿಡ ಇನ್ನೂ ಇದೆಯಾ ಎಂದು ಕೇಳಿದಳು. ನೋಡದ ಮನೆಯ ಗಿಡ ಅವಳಿಗೆ ಗೊತ್ತಿತ್ತು.

ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮರವಾಗಿ ಬರೆಯಲು ಕೂತಾಗ ಇನ್ನೊಂದು ಕಷ್ಟ. ಈ ಸಾಫ್ಟ್‌ವೇರುಗಳು ಮಾಡಿದ್ದು ಕೊಂಬೆ ಕವಲೊಡೆಯುತ್ತಲೇ ಹೋಗುವ ಮರಗಳಿಗೆ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತರುತ್ತಾರೆ, ಸೋದರತ್ತೆಯ ಮಗನಿಗೆ ಕೊಡುತ್ತಾರೆ. ಹೋದ ಕೊಂಬೆ ಮರಳಿ ಬಂದು ಬುಡಕ್ಕೆ ಕೂಡುತ್ತದೆ. ಒಬ್ಬಳೇ ಹೆಣ್ಣು ಒಂದು ಕಡೆ ಮೊಮ್ಮಗಳು, ಇನ್ನೊಂದು ಕಡೆ ಸೊಸೆ. ಕಾಕಾನ ಹಾಳೆಯ ನೇರ ಗೆರೆಗಳಲ್ಲಿ ಇದು ಹಿಡಿಸುವುದಿಲ್ಲ. ಹೆಂಗಸರನ್ನು ಬಿಟ್ಟಾಗ ಮಾತ್ರ ಅದು ಅಷ್ಟು ಚೊಕ್ಕವಾಗಿ ಕಾಣುತ್ತದೆ.

ಕೊನೆಗೆ ಎಲ್ಲರೂ ಕೂತರು. ಬೈನಾಮಾದ ಕನ್ನಡ ಪ್ರತಿಯನ್ನು ಕಾಕಾನ ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಅಂದ್ರ ಹೊಲ ನಮ್ಮಮ್ಮಂದು" ಎಂದರು. ಅವರು ಅಮ್ಮ ಎಂದದ್ದು ಅಜ್ಜಿಯನ್ನು. ಬೇರೆ ಏನೂ ಹೇಳಲಿಲ್ಲ. ಶಹಾಪುರದ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ತನಗೆ ಹೊಲ ಬೇಡ ಎಂದು ಅವಳು ಮುಂಚಿನಿಂದಲೂ ಹೇಳುತ್ತಿದ್ದವಳು. ಮತ್ತೇಕೆ ನಿನ್ನ ಹೆಸರು ಎಂದು ಯಾರೋ ಕೇಳಿದರು. "ಹೊಲ ನನಗ ಬ್ಯಾಡ. ಆದರ ಹೆಸರಿದ್ದರ ಅಲ್ಲೇನು ಬ್ಯಾಡ ಅನ್ಲಿಕ್ಕಿ ಬರೋದು?" ಎಂದಳು.

ಅರ್ಜಿಯಲ್ಲಿ ಈಗ ಮುತ್ಯಾನ ಕೆಳಗೆ ಏಳು ಹೆಸರುಗಳಿವೆ. ಹುಣಸಗಿ ಅತ್ತೆಯದು ಎರಡು ಹೆಸರಿನಿಂದ ಬರೆದಿದೆ, ತವರಿನದು ಮೊದಲು, ಮದುವೆಯದು ಆಮೇಲೆ. ಅವಳ ಕೆಳಗೆ ಅವಳ ಮಕ್ಕಳು. ಪಾಲಿನ ಮಾತು ಇನ್ನೂ ಮುಗಿದಿಲ್ಲ, ಸುಲಭವಾಗಿ ಮುಗಿಯುವುದೂ ಇಲ್ಲ.

ಓದುತ್ತಿರುವವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳಿರುತ್ತೀರಿ. ನಿಮ್ಮ ಮನೆಯ ಹುಡುಕಾಟವನ್ನು ಗೂಗಲ್‌ನಿಂದ ಆರಂಭಿಸಬೇಡಿ. ಮನೆಯಲ್ಲಿರುವ ಅತಿ ಹಿರಿಯ ಹೆಣ್ಣುಮಗಳ ಹತ್ತಿರ ಫೋನಿನ ರೆಕಾರ್ಡರ್ ಒತ್ತಿ ಕೂಡಿ. ಇಸವಿ ಕೇಳಬೇಡಿ, ಯಾವ ಬರದಲ್ಲಿ, ಯಾರ ಮದುವೆಯ ಮುಂದೆ ಹಿಂದೆ ಎಂದು ಕೇಳಿ. ಅವರ ತವರು ಯಾವುದು, ಅವರ ಅವ್ವನ ತವರು ಯಾವುದು, ಮದುವೆಗೆ ಮುಂಚೆ ಅವರನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಆಮೇಲೆ ಪಹಣಿ, ಖಾಸ್ರಾ, ಮತದಾರರ ಪಟ್ಟಿ, ಗೆಜೆಟಿಯರ್ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ನಮ್ಮ ಅತ್ತೆ ಇಷ್ಟಕ್ಕೆ ಮೂರು ಸಂಜೆ ಮಾತಾಡಿದ್ದಾಳೆ. ಇನ್ನೂ ಅವಳ ಅವ್ವನ ತವರಿಗೆ ನಾವು ಮುಟ್ಟ್ಟಿಲ್ಲ. ಅದು ಕೃಷ್ಣೆಯ ಆಚೆಯ ದಂಡೆಯಂತೆ. ಅಲ್ಲಿಯ ಪಟ್ಟಿಯನ್ನು ರಾಯಚೂರು ಜಿಲ್ಲೆಯಲ್ಲಿ ಹುಡುಕಬೇಕು.